ಮೋಟಾರಿನ ತಂಪು-ಕಾವು ಕೆಟ್ಟಾಗ: ಗ್ಯಾಸು ತುಂಬಿಸುವ ಮುಂಚೆ ನೋಡತಕ್ಕ ಸಂಗತಿಗಳು

ಒಕ್ಕಲುತನದ ಪುಟದಲ್ಲಿ ಮೋಟಾರಿನ ಮಾತೇಕೆಂದು ಕೆಲವು ವಾಚಕರು ಕೇಳಬಹುದು. ಉತ್ತರ ಸರಳವಾಗಿದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕಡೆಯ ನಮ್ಮ ಹಳ್ಳಿಗಳಲ್ಲಿ ಒಂದು ಕಾಲಕ್ಕೆ ಚಕ್ಕಡಿ ನಿಲ್ಲುತ್ತಿದ್ದ ಜಾಗದಲ್ಲಿ ಈಗ ಎಷ್ಟೋ ಮನೆಗಳ ಮುಂದೆ ಹಳೆಯದೋ ಹೊಸದೋ ಒಂದು ಕಾರು ನಿಂತಿರುತ್ತದೆ. ಉಳ್ಳಾಗಡ್ಡಿಯ ದರ ನೋಡಲು ಸೊಲ್ಲಾಪುರದ ಮಾರ್ಕೆಟಿಗೆ ಹೋಗುವುದು ಅದೇ, ಬೀಜ-ಗೊಬ್ಬರ ತರುವುದು ಅದೇ, ಬಾಣಂತಿಯನ್ನು ದವಾಖಾನೆಗೆ ಒಯ್ಯುವುದೂ ಅದೇ. ರಾಶಿಯ ಕಾಲದಲ್ಲಿ ಕಣದ ಅಂಚಿಗೆ ನಿಲ್ಲುತ್ತದೆ. ರಾತ್ರಿ ಬಣವೆಯ ಮಗ್ಗುಲಿಗೆ ಮಲಗುತ್ತದೆ. ಪಟ್ಟಣದ ಕಾರಿಗೆ ಅಪರೂಪವಾದ ರೋಗಗಳು ಹಳ್ಳಿಯ ಕಾರಿಗೆ ಮೇಲಿಂದ ಮೇಲೆ ಬರುವುದು ಇದೇ ಕಾರಣದಿಂದ. ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು 42-43 ಡಿಗ್ರಿ ಮುಟ್ಟಿದಾಗ, ಒಳಗೆ ಹಸುಗೂಸೋ ಮುದುಕರೋ ಇರುವಾಗ, ಕಾರಿನ ಏಸಿ ಕೆಟ್ಟರೆ ಅದು ಬರೀ ಸುಖದ ಮಾತಾಗಿ ಉಳಿಯುವುದಿಲ್ಲ.

ಅಕ್ಕಲಕೋಟೆ ತಾಲೂಕಿನಲ್ಲಿರುವ ನಮ್ಮ ಸಂಬಂಧಿಕರೊಬ್ಬರ ಕಾರಿನ ಏಸಿ ಒಂದು ಬೇಸಿಗೆಯಲ್ಲಿ ತಂಪು ಕೊಡದಾಯಿತು. ರಸ್ತೆಯ ಬದಿಯ ಒಂದು ಗ್ಯಾರೇಜಿನಲ್ಲಿ ತೋರಿಸಿದರು. ಮಿಸ್ತ್ರಿ ಬಾನೆಟ್ಟನ್ನು ಸಹ ಪೂರ್ತಿ ಎತ್ತದೆ “ಗ್ಯಾಸು ಮುಗಿದಿದೆ” ಎಂದು ಹೇಳಿ ತುಂಬಿಸಿದ. ಎರಡು ಸಾವಿರದ ಮೇಲೆ ಹಣವಾಯಿತು. ಎಂಟು ದಿನ ಕಳೆಯುವುದರೊಳಗೆ ಮತ್ತೆ ಅದೇ ಕಥೆ, ಮತ್ತೆ ಅಷ್ಟೇ ಹಣ. ಮೂರನೆಯ ಸಲ ನಾನು ಅವರ ಜೊತೆಗೆ ಹೋಗುವ ಮೊದಲು ಮನೆಯಂಗಳದಲ್ಲಿಯೇ ಬಾನೆಟ್ಟು ಎತ್ತಿ, ಮುಂದಿನ ಜಾಲರಿಯೊಳಗೆ ಬ್ಯಾಟರಿ ಹಿಡಿದು ನೋಡಿದೆ. ತೊಗರಿಯ ಹೊಟ್ಟು, ಉಳ್ಳಾಗಡ್ಡಿಯ ಸಿಪ್ಪೆ, ಕೆಮ್ಮಣ್ಣು ಸೇರಿ ಒಂದು ಕಂಬಳಿಯಂತೆ ಅಲ್ಲಿ ಹಾಸಿಕೊಂಡಿತ್ತು. ಅದನ್ನು ತೆಗೆದು ತೊಳೆದ ಮೇಲೆ ಆ ಬೇಸಿಗೆಯೆಲ್ಲ ಏಸಿ ನೆಟ್ಟಗೆ ನಡೆಯಿತು. ಗ್ಯಾಸು ಮೊದಲಿಂದಲೂ ಸರಿಯಾಗಿಯೇ ಇದ್ದಿರಬೇಕು. ಮೇಲೆ ಮೇಲೆ ಹಾಕಿದ್ದರಿಂದ ಹೆಚ್ಚಾಗಿದ್ದೀತು. ಗ್ಯಾಸು ಹೆಚ್ಚಾದರೂ ತಂಪು ಕಡಿಮೆಯಾಗುತ್ತದೆಂಬುದು ಬಹಳ ಜನಕ್ಕೆ ಗೊತ್ತಿಲ್ಲ.

ಆದ್ದರಿಂದ ಮೊಟ್ಟಮೊದಲು ಈ ಒಂದು ಮಾತನ್ನು ಗಟ್ಟಿಯಾಗಿ ತಿಳಿದುಕೊಳ್ಳತಕ್ಕದ್ದು. ಏಸಿಯ ಗ್ಯಾಸು ಡಿಸೇಲಿನಂತೆ ಸುಟ್ಟುಹೋಗುವ ಪದಾರ್ಥವಲ್ಲ. ಬಾಯಿ ಮುಚ್ಚಿದ ನಳಿಗೆಗಳೊಳಗೆ ಅದೇ ಗ್ಯಾಸು ಸುತ್ತಿ ಸುತ್ತಿ ಬರುತ್ತಿರುತ್ತದೆ. ರಬ್ಬರಿನ ನಳಿಗೆಗಳಿಂದಲೂ ಕಂಪ್ರೆಸರಿನ ಸೀಲಿನಿಂದಲೂ ವರ್ಷಗಟ್ಟಲೆಯಲ್ಲಿ ತುಸುತುಸು ಜಿನುಗುವುದುಂಟು. ಬಹಳ ವರ್ಷದ ಕಾರಿಗೆ ಒಮ್ಮೆ ತುಂಬಿಸಬೇಕಾಗಿ ಬಂದರೆ ಆಶ್ಚರ್ಯವಿಲ್ಲ. ಆದರೆ ಒಂದೇ ಬೇಸಿಗೆಯಲ್ಲಿ ಎರಡು ಸಲ “ಮುಗಿಯಿತು” ಎಂದರೆ, ಒಂದೋ ಎಲ್ಲಿಯೋ ತೂತಿದೆ, ಇಲ್ಲವೇ ಮುಗಿದೇ ಇಲ್ಲ. ತೂತಿದ್ದರೆ ತೂತನ್ನು ಮುಚ್ಚಬೇಕು. ಒಡಕು ಕೊಡದಲ್ಲಿ ನೀರು ಸುರಿಯುತ್ತ ಕೂಡ್ರುವುದರಿಂದ ಏನು ಫಲ?

ಈ ತಂಪು ಹುಟ್ಟುವುದು ಹೇಗೆಂಬುದನ್ನು ಸ್ವಲ್ಪ ನೋಡೋಣ. ಅದು ತಿಳಿದರೆ ರೋಗ ಹುಡುಕುವುದು ಅರ್ಧ ಮುಗಿದಂತೆ. ಮಣ್ಣಿನ ಕೊಡದ ಮೈಯಿಂದ ನೀರು ಆರಿಹೋಗುವಾಗ ಒಳಗಿನ ನೀರು ತಣ್ಣಗಾಗುತ್ತದೆ. ದ್ರವ ಆವಿಯಾಗುವಾಗ ಸುತ್ತಲಿನ ಶಾಖವನ್ನು ಎಳೆದುಕೊಳ್ಳುತ್ತದೆಂಬುದೇ ಅದರ ಗುಟ್ಟು. ಇನ್ನೊಂದು ಅನುಭವ: ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುತ್ತದೆ. ಆವಿಯನ್ನು ಒತ್ತಿದರೆ ಕಾಯುತ್ತದೆ. ಏಸಿಯಲ್ಲಿ ಈ ಎರಡೂ ಕೆಲಸಗಳು ಒಂದರ ಹಿಂದೊಂದು ನಡೆಯುತ್ತಿರುತ್ತವೆ. ಇಂಜಿನಿನ ಬೆಲ್ಟಿನಿಂದ ತಿರುಗುವ ಕಂಪ್ರೆಸರು ಗ್ಯಾಸನ್ನು ಒತ್ತಿ ಬಿಸಿಯಾಗಿ ಮುಂದಕ್ಕೆ ದೂಡುತ್ತದೆ. ಕಾರಿನ ಮೂಗಿನ ಹಿಂದೆ, ರೇಡಿಯೇಟರಿನ ಮುಂದೆ, ನಿಂತಿರುವ ಕಂಡೆನ್ಸರೆಂಬ ಜಾಲರಿಯಲ್ಲಿ ಅದು ಹೊರಗಿನ ಗಾಳಿಗೆ ತನ್ನ ಕಾವನ್ನು ಕೊಟ್ಟು ದ್ರವವಾಗುತ್ತದೆ. ಆಮೇಲೆ ಒಂದು ಕಿರಿದಾದ ವಾಲ್ವಿನ ಮೂಲಕ ನುಸುಳಿ, ಡ್ಯಾಶ್‌ಬೋರ್ಡಿನ ಒಳಗಿರುವ ಕೂಲಿಂಗ್ ಕಾಯಿಲಿಗೆ ಬಂದು, ಅಲ್ಲಿ ಒತ್ತಡ ಇಳಿದೊಡನೆ ಆವಿಯಾಗಿ ತಂಪು ಮಾಡುತ್ತದೆ. ಈಗ ಓಡುತ್ತಿರುವ ಬಹುಪಾಲು ಕಾರುಗಳಲ್ಲಿರುವ 134-ಎ ಎಂಬ ಗ್ಯಾಸು ಬಯಲ ಗಾಳಿಯ ಒತ್ತಡದಲ್ಲಿ ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿದುಬಿಡುತ್ತದೆ. ಕೈಮೇಲೆ ಬಿದ್ದರೆ ಚರ್ಮ ಹೆಪ್ಪುಗಟ್ಟಿ ಹುಣ್ಣಾಗುವುದು ಇದಕ್ಕಾಗಿಯೇ.

ಮೇಲಿನ ವಿವರದಿಂದ ಒಂದು ಸಂಗತಿ ಹೊಳೆಯುತ್ತದೆ. ಏಸಿ ತಂಪನ್ನು ತಯಾರಿಸುವುದಿಲ್ಲ. ಕಾರಿನ ಒಳಗಿನ ಕಾವನ್ನು ಹೊತ್ತು ಹೊರಗೆ ಚೆಲ್ಲುತ್ತದೆ. ಚೆಲ್ಲುವ ಬಾಗಿಲು ಮುಚ್ಚಿಹೋದರೆ ಹೊರುವವನು ಏನು ಮಾಡಬೇಕು?

(ಮೊತ್ತಮೊದಲು ಕಾರಿಗೆ ಏಸಿ ಕೂಡಿಸಿ ಮಾರಿದ್ದು ಅಮೆರಿಕದ ಪ್ಯಾಕಾರ್ಡ್ ಕಂಪನಿ, 1939-40ರಲ್ಲಿ. ಆ ಯಂತ್ರಕ್ಕೆ ಕ್ಲಚ್ಚೇ ಇರಲಿಲ್ಲ. ಏಸಿ ಬೇಡವೆನಿಸಿದರೆ ಗಾಡಿ ನಿಲ್ಲಿಸಿ, ಇಳಿದು, ಬೆಲ್ಟನ್ನೇ ಬಿಚ್ಚಿಡಬೇಕಾಗಿತ್ತು. ಈಗಿನ ನಮ್ಮ ತೊಂದರೆಗಳು ಅದಕ್ಕಿಂತ ವಾಸಿ.)

ಇನ್ನು ಪರೀಕ್ಷೆಯ ಕ್ರಮ. ಬಿಸಿಲಲ್ಲಿ ನಿಂತ ಕಾರಿನ ಒಳಗೆ ಒಂದು ತಾಸಿನಲ್ಲಿ ಹೊರಗಿಗಿಂತ 20 ಡಿಗ್ರಿಗೂ ಹೆಚ್ಚು ಕಾವು ಏರುತ್ತದೆ. ಹತ್ತಿದೊಡನೆ ಗಾಜು ಏರಿಸಿ ಏಸಿ ಹಾಕಿ, “ತಂಪೇ ಇಲ್ಲ” ಎನ್ನುವುದು ಸರಿಯಲ್ಲ. ಎಲ್ಲ ಗಾಜು ಇಳಿಸಿ ಎರಡು ನಿಮಿಷ ಓಡಿಸಿರಿ. ಒಳಗಿನ ಕಾದ ಗಾಳಿ ಹೋಗಲಿ. ಆಮೇಲೆ ಗಾಜು ಮುಚ್ಚಿ, ಒಳಗಿನ ಗಾಳಿಯನ್ನೇ ತಿರುಗಿಸುವ ಗುಂಡಿಯನ್ನೊತ್ತಿ, ಬ್ಲೋವರನ್ನು ಪೂರ್ತಿ ಹೆಚ್ಚಿಸಿ, ಹತ್ತು ನಿಮಿಷ ನೋಡಿರಿ. ಇದೇ ಕಾರಣದಿಂದ, “ಈಗ ಬಂದೆ” ಎಂದು ಹೇಳಿ ಕೂಸನ್ನು ಮುಚ್ಚಿದ ಕಾರಿನಲ್ಲಿ ಬಿಟ್ಟು ಅಡತಿಯ ಅಂಗಡಿಗೆ ಹೋಗುವುದು ಕೂಡದೇ ಕೂಡದು. ಏಸಿ ಹಚ್ಚಿ ಬಿಟ್ಟಿದ್ದೇನೆಂಬ ಧೈರ್ಯವೂ ಬೇಡ. ಇಂಜಿನು ತಾನಾಗಿ ನಿಂತರೆ ಕೂಸಿಗೆ ಬಾಗಿಲು ತೆರೆಯಲು ಬಾರದು.

ಮೊದಲ ಪ್ರಶ್ನೆ: ಗಾಳಿ ಬರುತ್ತಿದೆಯೇ? ತಂಪೋ ಬಿಸಿಯೋ ಆಮೇಲಿನ ಮಾತು. ಗಾಳಿಯೇ ಇಲ್ಲದಿದ್ದರೆ ಗ್ಯಾಸಿಗೂ ಅದಕ್ಕೂ ಸಂಬಂಧವಿಲ್ಲ. ಫ್ಯೂಸು ಸುಟ್ಟಿರಬಹುದು, ಬ್ಲೋವರಿನ ಮೋಟಾರು ಹೋಗಿರಬಹುದು, ತಂತಿ ಕಡಿದಿರಬಹುದು. ಗುಂಡಿ ಒಂದು-ಎರಡು-ಮೂರರಲ್ಲಿ ಸತ್ತು, ಕೊನೆಯ ನಾಲ್ಕರಲ್ಲಿ ಮಾತ್ರ ಗಾಳಿ ಬರುತ್ತಿದ್ದರೆ ಬ್ಲೋವರಿನ ರೆಸಿಸ್ಟರೆಂಬ ಸಣ್ಣ ತುಣುಕು ಸುಟ್ಟಿದೆಯೆಂದು ತಿಳಿಯಿರಿ. ಹಳೆಯ ಮಾದರಿಯ ಕಾರುಗಳಲ್ಲಿ ಈ ಲಕ್ಷಣ ಬಹುಮಟ್ಟಿಗೆ ತಪ್ಪುವುದಿಲ್ಲ. ಅದು ಬ್ಲೋವರಿನ ಗಾಳಿಯಲ್ಲಿಯೇ ತಣ್ಣಗಾಗುವಂಥ ಸಾಮಾನು. ಕಸ ತುಂಬಿ ಗಾಳಿ ಕಡಿಮೆಯಾದರೆ ಮತ್ತೆ ಸುಡುತ್ತದೆ. ಆದ್ದರಿಂದ ಹೊಸದು ಹಾಕಿಸುವಾಗ ಕಸವನ್ನೂ ತೆಗೆಸಿರಿ.

ಗಾಳಿ ಬರುತ್ತದೆ, ಆದರೆ ದಮ್ಮು ಹತ್ತಿದವನ ಉಸಿರಿನಂತೆ ಬರುತ್ತದೆ ಎನ್ನುವುದಾದರೆ ಕ್ಯಾಬಿನ್ ಫಿಲ್ಟರನ್ನು ನೋಡಿರಿ. ಬಹಳ ಕಾರುಗಳಲ್ಲಿ ಅದು ಎಡಗಡೆ ಕಾಗದಪತ್ರ ಇಡುವ ಡಬ್ಬಿಯ ಹಿಂದೆ ಇರುತ್ತದೆ. ಡಬ್ಬಿ ಇಳಿಸಿದರೆ ಕೈಗೆ ಸಿಗುತ್ತದೆ. ಕೆಲವು ಹಳೆಯ ಕಾರುಗಳಿಗೆ ಈ ಫಿಲ್ಟರೇ ಇಲ್ಲ. ಪಟ್ಟಣದವರು ವರ್ಷಕ್ಕೊಮ್ಮೆ ಬದಲಿಸುವ ಇದನ್ನು ನಮ್ಮ ಹುಡಿರಸ್ತೆಗಳಲ್ಲಿ ಎರಡು-ಮೂರು ತಿಂಗಳಿಗೊಮ್ಮೆ ತೆಗೆದು ಝಾಡಿಸುವುದು ಒಳ್ಳೆಯದು. ಜೋಳದ ಸುಂಕು ಹಿಡಿದ ಫಿಲ್ಟರಿನ ಗಾಳಿಯಿಂದ ಮೈ ತುರಿಸುವುದೂ ಉಂಟು.

ಇಲ್ಲಿಯೇ ಇಲಿಯ ಮಾತನ್ನೂ ಹೇಳಿಬಿಡುತ್ತೇನೆ. ಮುಂಗಾಜಿನ ಬುಡದಲ್ಲಿ ಹೊರಗಿನ ಗಾಳಿ ಹೋಗುವ ಕಿಂಡಿಗಳುಂಟು. ಬಣವೆಯ ಹತ್ತಿರ ನಿಂತ ಕಾರಿಗೆ ಇಲಿ ಅಲ್ಲಿಂದ ಇಳಿದು ಬ್ಲೋವರಿನ ಗೂಡಿನಲ್ಲಿ ಸಂಸಾರ ಹೂಡುತ್ತದೆ. ಬ್ಲೋವರು ಹಾಕಿದಾಗ ಗರಗರ ಸಪ್ಪಳ, ಗಾಳಿಯೊಂದಿಗೆ ಚಿಂದಿ, ಹತ್ತಿ, ದುರ್ವಾಸನೆ ಬಂದರೆ ಇದೇ ಎಂದು ತಿಳಿಯಬಹುದು. ತಂತಿಗಳನ್ನು ಅದು ಕಡಿಯುವುದು ಬೇರೆ. ಬಾನೆಟ್ಟಿನೊಳಗೆ ಇಲಿಪಾಷಾಣ ಇಡುವವರಿದ್ದಾರೆ, ಹಾಗೆ ಮಾಡಬಾರದು. ತಿಂದ ಇಲಿ ಗಾಳಿಯ ಕೊಳವೆಯೊಳಗೇ ಸತ್ತರೆ ಡ್ಯಾಶ್‌ಬೋರ್ಡನ್ನೆಲ್ಲ ಬಿಚ್ಚಿಸಬೇಕಾಗುತ್ತದೆ. ಕಿಂಡಿಗೆ ಸಣ್ಣ ಕಣ್ಣಿನ ತಂತಿಜಾಲರಿ ಬಿಗಿಸುವುದು, ಕಾರನ್ನು ಮೇವಿನಿಂದ ದೂರ ನಿಲ್ಲಿಸುವುದು, ಒಳಗೆ ಶೇಂಗಾ-ಬಿಸ್ಕೀಟಿನ ಚೂರು ಬಿಡದಿರುವುದು, ಇವೇ ನೆಟ್ಟಗಿನ ಉಪಾಯಗಳು.

ಮೊದಲು ಅರ್ಧ ತಾಸು ಚೆನ್ನಾಗಿ ತಂಪಾಗಿ, ಬರಬರುತ್ತ ಗಾಳಿ ಕ್ಷೀಣವಾಗಿ, ಏಸಿಯನ್ನು ಸ್ವಲ್ಪ ಹೊತ್ತು ಆರಿಸಿಟ್ಟರೆ ಮತ್ತೆ ಬರುವುದಾದರೆ, ಕೂಲಿಂಗ್ ಕಾಯಿಲಿನ ಮೇಲೆ ಮಂಜು ಕಟ್ಟುತ್ತಿದೆ. ಫಿಲ್ಟರು ಕಟ್ಟಿ ಗಾಳಿ ಸಾಲದಿದ್ದರೂ, ಕಾಯಿಲಿನ ತಂಪನ್ನು ಅಳೆಯುವ ಸೆನ್ಸರು ಕೆಟ್ಟಿದ್ದರೂ, ಗ್ಯಾಸು ಕಡಿಮೆಯಾಗಿದ್ದರೂ ಹೀಗಾಗಬಹುದು. ಫಿಲ್ಟರಿನಿಂದ ಆರಂಭಿಸಿರಿ, ಅದಕ್ಕೆ ಖರ್ಚಿಲ್ಲ.

ಎರಡನೆಯ ಪ್ರಶ್ನೆ: ಗಾಳಿ ಜೋರಾಗಿದೆ, ಆದರೆ ಬಿಸಿಯಾಗಿದೆ. ಈಗ ಬಾನೆಟ್ಟು ಎತ್ತತಕ್ಕದ್ದು. ಅದಕ್ಕೆ ಮುಂಚೆ ಹೆಗಲ ಮೇಲಿನ ಟವೆಲ್ಲನ್ನು ತೆಗೆದಿಡಿರಿ, ಧೋತರದ ಚುಂಗನ್ನು ಸೊಂಟಕ್ಕೆ ಸಿಕ್ಕಿಸಿರಿ. ಹೆಣ್ಣುಮಕ್ಕಳು ಸೆರಗನ್ನು ಬಿಗಿದುಕೊಳ್ಳಲಿ. ಓಡುವ ಬೆಲ್ಟು ಬಟ್ಟೆಯ ಅಂಚನ್ನು ಹಿಡಿದರೆ ಬಿಡುವುದಿಲ್ಲ. ರೇಡಿಯೇಟರಿನ ವಿದ್ಯುತ್ ಫ್ಯಾನು ಇಂಜಿನು ನಿಂತಿದ್ದರೂ ಥಟ್ಟನೆ ತಿರುಗುವುದುಂಟು. ಆದ್ದರಿಂದ ಕೈ ದೂರವೇ ಇರಲಿ.

ಇಬ್ಬರು ಬೇಕು. ಒಬ್ಬರು ಒಳಗೆ ಕುಳಿತು ಏಸಿಯ ಗುಂಡಿಯನ್ನು ಹಾಕಿ ತೆಗೆಯಲಿ, ಇನ್ನೊಬ್ಬರು ಹೊರಗೆ ಕಿವಿಗೊಡಲಿ. ಗುಂಡಿ ಹಾಕಿದಾಗ “ಟಕ್” ಎಂಬ ಶಬ್ದ ಬಂದು ಕಂಪ್ರೆಸರಿನ ಮುಂದಿನ ಬಿಲ್ಲೆ ಬೆಲ್ಟಿನ ಗಾಲಿಯ ಜೊತೆಗೆ ತಿರುಗತೊಡಗಬೇಕು. ಇಂಜಿನಿನ ಸ್ವರವೂ ತುಸು ಬದಲಾಗುತ್ತದೆ. ಹೊಸ ಮಾದರಿಯ ಕೆಲವು ಕಂಪ್ರೆಸರುಗಳಿಗೆ ಕ್ಲಚ್ಚಿಲ್ಲ, ಅವು ಸದಾ ತಿರುಗುತ್ತಿರುತ್ತವೆ. ಅವುಗಳಿಗೆ ಈ ಪರೀಕ್ಷೆ ನಡೆಯದು. ಬಿಲ್ಲೆ ತಿರುಗದಿದ್ದರೆ ಬೆಲ್ಟು, ಫ್ಯೂಸು, ರಿಲೇ, ತಂತಿ ಇವನ್ನು ನೋಡಬೇಕು. ಇವೆಲ್ಲ ಸರಿಯಿದ್ದೂ ತಿರುಗದಿದ್ದರೆ ಗ್ಯಾಸು ನಿಜವಾಗಿಯೂ ಕಡಿಮೆಯಾಗಿರಬಹುದು. ಗ್ಯಾಸು ತೀರ ಇಳಿದಾಗ ಕಂಪ್ರೆಸರು ಓಡದಂತೆ ತಡೆಯುವ ಒಂದು ಸ್ವಿಚ್ಚನ್ನು ಇಟ್ಟಿರುತ್ತಾರೆ. ಕಂಪ್ರೆಸರಿಗೆ ಬೇಕಾದ ಎಣ್ಣೆ ಗ್ಯಾಸಿನ ಜೊತೆಗೇ ಸುತ್ತುವುದರಿಂದ, ಗ್ಯಾಸಿಲ್ಲದೆ ಓಡಿದರೆ ಅದು ಒಣಗಿ ಕಚ್ಚಿಕೊಳ್ಳುತ್ತದೆ. ಕೆಲವು ಚಾಣಾಕ್ಷರು ಈ ಸ್ವಿಚ್ಚಿನ ತಂತಿಗಳನ್ನು ಜೋಡಿಸಿ “ಚಾಲೂ” ಮಾಡಿಕೊಡುತ್ತಾರೆ. ಅಂಥವರಿಂದ ದೂರವಿರಿ, ಸಾವಿರದ ಕೆಲಸವನ್ನು ಅವರು ಹತ್ತಾರು ಸಾವಿರಕ್ಕೆ ಏರಿಸುತ್ತಾರೆ.

ಮೂರನೆಯದು ನಮ್ಮ ಕಡೆ ಎಲ್ಲಕ್ಕಿಂತ ಹೆಚ್ಚು. ಕಂಪ್ರೆಸರು ತಿರುಗುತ್ತದೆ, ರಸ್ತೆಯ ಮೇಲೆ ಓಡುವಾಗ ತಂಪಿದೆ. ಮಾರ್ಕೆಟಿನ ಗದ್ದಲದಲ್ಲಿ ನಿಂತೊಡನೆ ಬಿಸಿಯಾಗುತ್ತದೆ. ಈ ಒಂದೇ ಲಕ್ಷಣದಿಂದ ರೋಗದ ಜಾಗ ಸಿಕ್ಕಂತಾಯಿತು. ಓಡುವಾಗ ಕಂಡೆನ್ಸರಿಗೆ ಎದುರುಗಾಳಿ ತಾನಾಗಿ ಹೊಡೆಯುತ್ತದೆ. ನಿಂತಾಗ ಫ್ಯಾನೇ ಗಾಳಿ ಎಳೆಯಬೇಕು. ಆದ್ದರಿಂದ ಫ್ಯಾನು ನಿಂತಿದೆ, ಇಲ್ಲವೇ ಜಾಲರಿ ಕಟ್ಟಿದೆ. ಬಹುತೇಕ ಕಾರುಗಳಲ್ಲಿ ಏಸಿ ಹಾಕಿದ ಸ್ವಲ್ಪ ಹೊತ್ತಿನೊಳಗೆ ಮುಂದಿನ ಫ್ಯಾನು ತಿರುಗಬೇಕು. ತಿರುಗುತ್ತಿದ್ದರೂ ತಂಪಿಲ್ಲವೆಂದರೆ ಒಂದು ಸಣ್ಣ ಪರೀಕ್ಷೆ ಉಂಟು: ಏಸಿ ನಡೆಯುತ್ತಿರುವಾಗಲೇ ಮುಂದಿನ ಜಾಲರಿಯ ಮೂಲಕ ಕಂಡೆನ್ಸರಿನ ಮೇಲೆ ತಿಳಿನೀರನ್ನು ತುಂತುರಾಗಿ ಚಿಮುಕಿಸಿರಿ. ಒಂದೆರಡು ನಿಮಿಷದಲ್ಲಿ ಒಳಗೆ ತಂಪು ಹೆಚ್ಚಿದರೆ ಕಾವು ಹೊರಬೀಳದಿರುವುದೇ ರೋಗ. ಗ್ಯಾಸಿನ ಮಾತನ್ನು ಬದಿಗಿಡಿರಿ. ಚಿಮುಕಿಸಲು ಔಷಧ ಹೊಡೆಯುವ ಪಂಪನ್ನು ಮಾತ್ರ ತರಬೇಡಿರಿ, ಎಷ್ಟು ತೊಳೆದಿದ್ದರೂ ಸರಿಯೇ.

ಜಾಲರಿ ತೊಳೆಯುವಾಗ ಇಂಜಿನು ಪೂರ್ತಿ ಆರಿರಬೇಕು. ಒಣ ಹೊಟ್ಟನ್ನು ಮೊದಲು ಮೆತ್ತನೆಯ ಬ್ರಶ್ಶಿನಿಂದ, ಜಾಲರಿಯ ಎಳೆಗಳು ಯಾವ ಕಡೆಗೆ ಹೋಗಿವೆಯೋ ಆ ಕಡೆಗೇ ಎಳೆದು ತೆಗೆಯಿರಿ. ಅಡ್ಡ ಎಳೆದರೆ ಕಾಗದದಷ್ಟು ತೆಳುವಾದ ಆ ತಗಡುಗಳು ಮಡಿಚಿಕೊಂಡು ಗಾಳಿಯ ದಾರಿಯನ್ನು ಇನ್ನೂ ಮುಚ್ಚುತ್ತವೆ. ಆಮೇಲೆ ಪೈಪಿನ ಸಾದಾ ನೀರು ಬಿಡಿರಿ. ಗಾಡಿ ತೊಳೆಯುವ ಅಂಗಡಿಯ ಜೋರಿನ ಪಂಪು ಇದಕ್ಕೆ ಶತ್ರು. ಹಲವು ಸಲ ಕಸ ಮುಂದೆ ಕಾಣಿಸುವುದೇ ಇಲ್ಲ. ಕಂಡೆನ್ಸರಿಗೂ ರೇಡಿಯೇಟರಿಗೂ ನಡುವೆ ಬೆರಳಗಲದ ಸಂದಿನಲ್ಲಿ ಅಡಗಿರುತ್ತದೆ. ಅದನ್ನು ತೆಗೆಯಲು ಮಿಸ್ತ್ರಿಯಿಂದ ಬೋಲ್ಟು ಸಡಿಲಿಸಬೇಕಾಗುತ್ತದೆ. ನಳಿಗೆಯನ್ನು ಬಿಚ್ಚಬಾರದು, ಜಾಗದಿಂದ ಸ್ವಲ್ಪ ಸರಿಸಿದರೆ ಸಾಕೆಂದು ಅವನಿಗೆ ಹೇಳಿರಿ. ತೊಗರಿ, ಕಡಲೆ, ಕುಸುಬೆಯ ರಾಶಿಗಳು ಮುಗಿದ ಮೇಲೆ, ಬೇಸಿಗೆ ಬಲಿಯುವ ಮುಂಚೆ, ವರ್ಷಕ್ಕೊಮ್ಮೆ ಈ ಕೆಲಸ ಆಗಲೇಬೇಕು. ಏಸಿ ಕ್ಯಾಬಿನಿನ ಟ್ರ್ಯಾಕ್ಟರನ್ನೋ ರಾಶಿಯ ಯಂತ್ರವನ್ನೋ ಬಾಡಿಗೆಗೆ ಓಡಿಸುವವರು ಮಾತ್ರ ಸುಗ್ಗಿಯಲ್ಲಿ ದಿನವೂ ನೋಡತಕ್ಕದ್ದು. ಅವರ ಗಾಡಿ ಹೊಟ್ಟಿನ ಮೋಡದಲ್ಲಿಯೇ ಉಸಿರಾಡುತ್ತದೆ. ಇದರಿಂದ ಏಸಿಯಷ್ಟೇ ಅಲ್ಲ, ಇಂಜಿನೂ ಉಳಿಯುತ್ತದೆ. ಹಿಂದಿನ ರೇಡಿಯೇಟರಿಗೂ ಅದೇ ಗಾಳಿ ಬೇಕಷ್ಟೆ.

ಇಷ್ಟೆಲ್ಲ ನೋಡಿದ ಮೇಲೂ ತಂಪು ಬಾರದಿದ್ದರೆ ಗ್ಯಾಸಿನ ಸೋರಿಕೆಯನ್ನು ಶಂಕಿಸಬೇಕು. ನಳಿಗೆಗಳ ಜೋಡಣೆಯಲ್ಲಿ, ಕಂಪ್ರೆಸರಿನ ಮೂತಿಯಲ್ಲಿ, ಕಂಡೆನ್ಸರಿನ ಮೂಲೆಯಲ್ಲಿ ಎಣ್ಣೆ ಜಿನುಗಿ ಧೂಳು ಕಚ್ಚಿದ ಕಪ್ಪು ಕಲೆಯಿದ್ದರೆ ಗ್ಯಾಸು ಹೋಗುತ್ತಿರುವುದು ಅಲ್ಲಿಂದಲೇ ಇರಬಹುದು. ಸಾಬೂನಿನ ನೊರೆ ಹಚ್ಚಿದರೆ ಗುಳ್ಳೆ ಏಳುತ್ತದೆ. ಇದಕ್ಕಿಂತ ಮುಂದೆ ಹೋಗಿ ನೀವೇ ಪಾನಾ ಹಿಡಿಯಬೇಡಿರಿ. ಓಡುವಾಗ ಬಿಸಿಕಡೆಯ ನಳಿಗೆಯಲ್ಲಿ ಒತ್ತಡ ಕಾರಿನ ಗಾಲಿಯ ಗಾಳಿಗಿಂತ ಆರೇಳು ಪಟ್ಟು ಇರುತ್ತದೆ. ಕಣ್ಣಿಗೆ ಚಿಮ್ಮಿದರೆ ಕಣ್ಣು ಹೋದೀತು.

ಮಿಸ್ತ್ರಿ ಸರಿಯಾದ ಕೆಲಸ ಮಾಡುತ್ತಾನೋ ಇಲ್ಲವೋ ಎಂಬುದನ್ನು ಮಾತ್ರ ಎದುರಿಗೆ ನಿಂತು ನೋಡಬಹುದು. ಒತ್ತಡ ಅಳೆಯುವ ಎರಡು ಗೇಜುಗಳನ್ನು ಹಚ್ಚಬೇಕು. ಸೋರುವ ಜಾಗವನ್ನು ತೋರಿಸಬೇಕು. ಉಳಿದ ಹಳೆಯ ಗ್ಯಾಸನ್ನು ಗಾಳಿಗೆ ಬಿಡದೆ ಯಂತ್ರಕ್ಕೆ ಎಳೆದುಕೊಳ್ಳಬೇಕು. ಈ 134-ಎ ಗ್ಯಾಸು, ತೂಕಕ್ಕೆ ತೂಕ ಹಿಡಿದರೆ, ಇಂಗಾಲಾಮ್ಲ ವಾಯುವಿಗಿಂತ ಸಾವಿರ ಪಟ್ಟಿಗೂ ಹೆಚ್ಚು ಭೂಮಿಯನ್ನು ಕಾಯಿಸುವಂಥದು. ಮಳೆ ನಂಬಿ ಬದುಕುವ ನಮಗೆ ಅದು ಪರರ ಚಿಂತೆಯಲ್ಲ. ಇದಕ್ಕೂ ಹಿಂದೆ ಇದ್ದ ಆರ್-12 ಎಂಬ ಗ್ಯಾಸು ಆಕಾಶದ ಓಜೋನು ಪದರವನ್ನು ಹರಿಯುತ್ತದೆಂದು ತಿಳಿದು, 1987ರ ಮಾಂಟ್ರಿಯಲ್ ಒಪ್ಪಂದದ ಮೇರೆಗೆ ಅದರ ತಯಾರಿಕೆಯನ್ನೇ ಜಗತ್ತಿನಲ್ಲಿ ನಿಲ್ಲಿಸಿದರು. ಆರ್-12ರ ಕಾಲದ ಹಳೆಯ ಕಾರಿದ್ದವರು ಅದಕ್ಕೆ 134-ಎಯನ್ನು ಹಾಗೆಯೇ ತುಂಬಿಸಬಾರದು. ಎಣ್ಣೆಯೂ ಸೀಲುಗಳೂ ಬೇರೆ ಬೇಕು.

ಸೋರಿಕೆ ಮುಚ್ಚಿದ ಮೇಲೆ ವ್ಯಾಕ್ಯೂಮ್ ಪಂಪು ಹಚ್ಚಿ ಕಡಿಮೆಯೆಂದರೆ ಅರ್ಧ ತಾಸು ಒಳಗಿನ ಗಾಳಿಯನ್ನೂ ತೇವವನ್ನೂ ಎಳೆದು ತೆಗೆಯಬೇಕು. ತೇವ ಉಳಿದರೆ ಕಿರಿದಾದ ವಾಲ್ವಿನ ಬಾಯಲ್ಲಿ ಹಿಮವಾಗಿ ಕಟ್ಟುತ್ತದೆ, ಎಣ್ಣೆಯ ಜೊತೆ ಕೂಡಿ ಆಮ್ಲವಾಗಿ ಒಳಗನ್ನು ತಿನ್ನುತ್ತದೆ. ಬಹಳ ದಿನ ಬಾಯಿ ತೆರೆದೇ ಇದ್ದ ವ್ಯವಸ್ಥೆಗೆ ಡ್ರೈಯರನ್ನೂ ಬದಲಿಸಬೇಕು. ಕೊನೆಗೆ ಗ್ಯಾಸನ್ನು ತೂಗಿ ಹಾಕಬೇಕು, ಅಂದಾಜಿನಿಂದಲ್ಲ. ಎಷ್ಟು ಗ್ರಾಂ ಎಂಬುದು ಬಾನೆಟ್ಟಿನ ಒಳಮೈಯ ಚೀಟಿಯಲ್ಲಿ ಬರೆದಿರುತ್ತದೆ. ಸಣ್ಣ ಕಾರುಗಳಿಗೆ ಅದು ಅರ್ಧ ಕಿಲೋದ ಆಚೆ-ಈಚೆ. ಹತ್ತೇ ನಿಮಿಷದಲ್ಲಿ “ಗ್ಯಾಸು ತುಂಬಿತು, ಹೋಗಿರಿ” ಎನ್ನುವವನು ಇವುಗಳಲ್ಲಿ ಎಷ್ಟನ್ನು ಬಿಟ್ಟಿರಬಹುದೆಂದು ನೀವೇ ಎಣಿಸಬಹುದು.

ಅಡಿಗೆಯ ಗ್ಯಾಸನ್ನು ಏಸಿಗೆ ತುಂಬುವ ದುಷ್ಟಪದ್ಧತಿಯೊಂದುಂಟು. ಅದರಿಂದಲೂ ತಂಪು ಬರುತ್ತದೆ, ಸುಳ್ಳಲ್ಲ, ಅಗ್ಗವೂ ಹೌದು. ಆದರೆ ಕೂಲಿಂಗ್ ಕಾಯಿಲು ನಿಮ್ಮ ಮೊಣಕಾಲಿನ ಮುಂದೆಯೇ ಇದೆ. ಅದು ಸೋರಿದರೆ ಗಾಜು ಮುಚ್ಚಿದ ಕಾರು ಒಂದು ಬಾಂಬಿನಂತಾಗಿ, ಬೀಡಿಗೆ ಕಡ್ಡಿ ಗೀರಿದರೂ ಸಾಕು, ಸ್ವಿಚ್ಚಿನ ಕಿಡಿಯೂ ಸಾಕು. ಯಾವ ಸಿಲಿಂಡರಿನಿಂದ ತುಂಬುತ್ತಾನೆ, ಅದರ ಮೇಲೆ ಏನು ಬರೆದಿದೆ ಎಂದು ನೋಡಿಯೇ ತುಂಬಿಸಿರಿ.

ಕೆಲವು ಬಿಡಿ ಸಂಗತಿಗಳು. ಏಸಿ ಹಾಕಿ ನಿಂತ ಕಾರಿನ ಕೆಳಗೆ ತಿಳಿನೀರು ತೊಟ್ಟಿಕ್ಕುವುದು ರೋಗವಲ್ಲ, ಆರೋಗ್ಯದ ಲಕ್ಷಣ. ಗಾಳಿಯ ತೇವ ಕಾಯಿಲಿನ ಮೇಲೆ ಬೆವರಿ ಹೊರಬೀಳುತ್ತದೆ. ಅದೇ ನೀರು ಒಳಗೆ ಕಾಲಡಿಯ ಚಾಪೆಯನ್ನು ತೋಯಿಸಿದರೆ ನೀರು ಹೋಗುವ ಸಣ್ಣ ಕೊಳವೆಯಲ್ಲಿ ಮಣ್ಣು ಕೂತಿದೆ. ಹಸಿ ಗೋಣಿಚೀಲದ ವಾಸನೆ ಬರುತ್ತಿದ್ದರೆ, ಊರು ಮುಟ್ಟುವ ಮೂರು-ನಾಲ್ಕು ನಿಮಿಷ ಮುಂಚೆ ಏಸಿ ಆರಿಸಿ ಬರೀ ಬ್ಲೋವರು ಓಡಿಸಿದರೆ ಕಾಯಿಲು ಒಣಗಿ ಬೂಷ್ಟು ಹತ್ತುವುದಿಲ್ಲ. ಒಂದು ಕಡೆಯ ಕಿಂಡಿಯಿಂದ ತಂಪು, ಇನ್ನೊಂದು ಕಡೆಯಿಂದ ಬಿಸಿ, ಜೊತೆಗೆ ಡ್ಯಾಶ್‌ಬೋರ್ಡಿನ ಹಿಂದೆ ಟಕಟಕ ಸಪ್ಪಳ ಬಂದರೆ ಬಿಸಿ-ತಂಪು ಬೆರೆಸುವ ಒಳಬಾಗಿಲಿನ ಮೋಟಾರು ಜಾರುತ್ತಿದೆ. ಬೆಳೆಗೆ ಹೊಡೆಯುವ ವಿಷದ ಡಬ್ಬಿಯನ್ನು ಒಳಗಿಟ್ಟುಕೊಂಡು, ಒಳಗಾಳಿಯನ್ನೇ ತಿರುಗಿಸುತ್ತ ಬರುವುದು ಆ ವಿಷವನ್ನು ಉಸಿರಾಡಿದಂತೆಯೇ. ಡಿಕ್ಕಿಯಲ್ಲಿಟ್ಟರೂ ಈಗಿನ ಸಣ್ಣ ಕಾರುಗಳಲ್ಲಿ ಡಿಕ್ಕಿ ಬೇರೆ ಕೋಣೆಯಲ್ಲ; ಗಾಜು ತೆರೆದು ಬನ್ನಿರಿ. ಚಳಿಗಾಲದಲ್ಲಿಯೂ ವಾರಕ್ಕೊಮ್ಮೆ ಹತ್ತು ನಿಮಿಷ ಏಸಿ ಓಡಿಸುತ್ತಿದ್ದರೆ ಸೀಲುಗಳಿಗೆ ಎಣ್ಣೆ ತಾಗಿ ಅವು ಒಣಗುವುದಿಲ್ಲ.

ಇನ್ನು ಕಾವಿನ ಮಾತು. ಗಡಿಯಾಚೆಯ ನಾವೆಲ್ಲರೂ ಒಂದೇ ಹವೆಯಲ್ಲಿ ಬಾಳುವವರಲ್ಲ. ಜತ್ತದವರಿಗೆ ಹೀಟರು ಅನಾವಶ್ಯಕ ಗುಂಡಿ. ನೀಲಗಿರಿಯ ವಾಚಕರಿಗೆ, ಡಿಸೆಂಬರ-ಜನೆವರಿಯಲ್ಲಿ ಉದಕಮಂಡಲದ ಹುಲ್ಲಿನ ಮೇಲೆ ಹಿಮ ಬೀಳುವ ಮುಂಜಾವಿನಲ್ಲಿ, ಚಹಾ ಎಲೆಯ ಲೆಕ್ಕಕ್ಕೋ ತರಕಾರಿಯ ಲಾರಿಯ ಹಿಂದೆಯೋ ಹೊರಡುವಾಗ ಅದರ ಬೆಲೆ ಗೊತ್ತು.

ಹೀಟರಿಗೆ ಗ್ಯಾಸೂ ಇಲ್ಲ, ಕಂಪ್ರೆಸರೂ ಇಲ್ಲ. ಇಂಜಿನನ್ನು ತಣಿಸಿ ಕಾದ ನೀರು ಡ್ಯಾಶ್‌ಬೋರ್ಡಿನ ಒಳಗಿನ ಒಂದು ಸಣ್ಣ ರೇಡಿಯೇಟರಿನಲ್ಲಿ ಸುತ್ತಿ ಬರುತ್ತದೆ, ಅದರ ಮೇಲೆ ಬ್ಲೋವರು ಊದುತ್ತದೆ, ಅಷ್ಟೆ. ಆದ್ದರಿಂದ ಇಂಜಿನು ಕಾಯುವ ತನಕ ಹೀಟರಿನಿಂದ ತಣ್ಣನೆಯ ಗಾಳಿಯೇ ಬರುವುದು. ಹದಿನೈದು ನಿಮಿಷ ಓಡಿದರೂ ಬಿಸಿ ಬಾರದಿದ್ದರೆ ಮೊದಲು ಕೂಲಂಟು ಎಷ್ಟಿದೆ ನೋಡಿರಿ, ತಣ್ಣಗಿರುವ ಇಂಜಿನಿನಲ್ಲಿ. ಕಾದ ರೇಡಿಯೇಟರಿನ ಮುಚ್ಚಳ ತೆರೆದು ಮುಖ ಸುಟ್ಟುಕೊಂಡವರು ಊರಿಗೊಬ್ಬರು ಸಿಕ್ಕುತ್ತಾರೆ. ಕೂಲಂಟು ಕಡಿಮೆಯಾದಾಗ ಎತ್ತರದಲ್ಲಿರುವ ಹೀಟರಿಗೆ ಮೊದಲು ನೀರು ನಿಲ್ಲುತ್ತದೆ. ಹೀಗೆ ಅದು ಇಂಜಿನಿಗೆ ಬರಲಿರುವ ಕೇಡನ್ನು ಮುಂಚೆಯೇ ಸಾರುತ್ತದೆ. ಕೂಲಂಟು ಸರಿಯಿದ್ದು, ಮೀಟರಿನ ಮುಳ್ಳು ಮೇಲೇಳದೆ ಕೆಳಗೇ ನಿಂತಿದ್ದರೆ ಥರ್ಮೋಸ್ಟಾಟು ತೆರೆದ ಹಾಗೆಯೇ ಸಿಕ್ಕಿಕೊಂಡಿದೆ. ಅದು ಸಾಮಾನ್ಯವಾಗಿ 80-90 ಡಿಗ್ರಿಯಲ್ಲಿ ತೆರೆಯತಕ್ಕದ್ದು. ಬಯಲುಸೀಮೆಯ ಕೆಲವು ಮಿಸ್ತ್ರಿಗಳು ಅದನ್ನು ಕಿತ್ತೇ ಎಸೆಯುತ್ತಾರೆ. ಅಂಥ ಹಳೆಯ ಜೀಪನ್ನು ಕೊಂಡು ಘಟ್ಟದ ಮೇಲೆ ಒಯ್ದವರಿಗೆ ಹೀಟರು ಬಾರದೆ ಹೋಗುವುದು ಇದರಿಂದ. ಡೀಸಲೂ ಹೆಚ್ಚು ಕುಡಿಯುತ್ತದೆ.

ಮುಳ್ಳು ಸರಿಯಾಗಿದ್ದೂ ಬಿಸಿಯಿಲ್ಲದಿದ್ದರೆ, ಇಂಜಿನಿನಿಂದ ಡ್ಯಾಶ್‌ಬೋರ್ಡಿಗೆ ಹೋಗುವ ಎರಡು ರಬ್ಬರು ನಳಿಗೆಗಳನ್ನು ಇಂಜಿನು ಆರಿಸಿ ಹುಷಾರಾಗಿ ಮುಟ್ಟಿರಿ. ಒಂದು ಬಿಸಿ, ಇನ್ನೊಂದು ತಣ್ಣಗೆ ಎಂದರೆ ಒಳಗೆ ಕಟ್ಟಿದೆ ಅಥವಾ ಗಾಳಿ ಸಿಕ್ಕಿದೆ. ಕಟ್ಟುವುದಕ್ಕೆ ಮುಖ್ಯ ಕಾರಣ ರೇಡಿಯೇಟರಿಗೆ ಸುರಿದ ಬೋರಿನ ಸವಳು ನೀರು. ಸ್ನಾನದ ಹಂಡೆಯ ತಳದಲ್ಲಿ ಕಟ್ಟುವ ಬಿಳಿಯ ಗರಟೆಯೇ ಹೀಟರಿನ ಕೂದಲೆಳೆಯಂಥ ನಾಳಗಳಲ್ಲಿಯೂ ಕಟ್ಟುತ್ತದೆ. ದಾರಿಯಲ್ಲಿ ಸಿಕ್ಕ ನೀರು ಹಾಕಿ ಊರು ಮುಟ್ಟುವುದು ತಪ್ಪಲ್ಲ. ಆಮೇಲೆ ಅದನ್ನು ಬಸಿದು ಬಟ್ಟಿ ಇಳಿಸಿದ ನೀರು ಬೆರೆಸಿದ ಕೂಲಂಟು ಹಾಕತಕ್ಕದ್ದು.

ಮುಂಗಾಜಿನ ಒಳಮೈಗೆ ಒರೆಸಿದರೂ ಹೋಗದ ಜಿಡ್ಡಿನ ಮಬ್ಬು, ಒಳಗೆ ಸಿಹಿಯಾದ ಒಂದು ವಾಸನೆ, ಕಾಲಡಿಯಲ್ಲಿ ಅಂಟಂಟು ಪಸೆ ಕಂಡರೆ ಹೀಟರೇ ಸೋರುತ್ತಿದೆ. ತಡಮಾಡದೆ ರಿಪೇರಿಗೆ ಕೊಡಿರಿ. ಬರೀ ಮಂಜಿನ ಮಬ್ಬಾದರೆ ಹೀಟರಿನ ಜೊತೆಗೆ ಏಸಿಯನ್ನೂ ಹಾಕಿ ಹೊರಗಾಳಿ ಬಿಡಿರಿ. ಏಸಿ ತೇವವನ್ನು ತೆಗೆಯುತ್ತದೆ, ಹೀಟರು ಗಾಜನ್ನು ಕಾಯಿಸುತ್ತದೆ, ನಿಮಿಷದಲ್ಲಿ ತಿಳಿಯಾಗುತ್ತದೆ. ಕೋಟಗಿರಿಯ ತಿರುವುಗಳಲ್ಲಿ ಟವೆಲ್ಲಿನಿಂದ ಗಾಜು ಒರೆಸುತ್ತ ಗಾಡಿ ನಡೆಸುವುದಕ್ಕಿಂತ ಇದು ಮೇಲು. ಘಟ್ಟ ಹತ್ತುವಾಗ ಇಂಜಿನು ಕಾಯತೊಡಗಿದರೆ ಏಸಿ ಆರಿಸಿ, ಗಾಜು ಇಳಿಸಿ, ಹೀಟರನ್ನು ಪೂರ್ತಿ ಹಾಕಿರಿ. ಇಂಜಿನಿನ ಕಾವು ಅದರ ಮೂಲಕ ಅಷ್ಟಿಷ್ಟು ಇಳಿದು, ಗಾಡಿಯನ್ನು ಬದಿಗೆ ನಿಲ್ಲಿಸುವ ಜಾಗದವರೆಗೆ ಒಯ್ಯಬಹುದು.

ಚಳಿಯಿದೆಯೆಂದು ಶೆಡ್ಡಿನೊಳಗೆ ಇಂಜಿನು ಚಾಲೂ ಇಟ್ಟು ಕಾರಿನಲ್ಲಿ ಮಲಗಬಾರದು, ಸೆಕೆಯಿದೆಯೆಂದು ಏಸಿ ಹಾಕಿಕೊಂಡೂ ಮಲಗಬಾರದು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವನು ಮಲಗಿದಂತೆಯೇ ಹೋಗುತ್ತಾನೆ.

ಬಸಿದ ಹಳೆಯ ಕೂಲಂಟನ್ನು ಅಂಗಳದಲ್ಲಿಯೋ ಗೋದಲಿಯ ಹತ್ತಿರವೋ ಚೆಲ್ಲಬೇಡಿರಿ. ಅದರಲ್ಲಿರುವ ಗ್ಲೈಕಾಲು ನಾಲಗೆಗೆ ಸಿಹಿ. ನಾಯಿ, ಕರು, ಕೋಳಿ ಆಸೆಯಿಂದ ನೆಕ್ಕುತ್ತವೆ. ಸ್ವಲ್ಪವೇ ಹೋದರೂ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಮುಚ್ಚಳದ ಡಬ್ಬಿಯಲ್ಲಿ ತುಂಬಿ, ಮಕ್ಕಳ ಕೈಗೆ ಸಿಗದಂತೆ ಇಟ್ಟು, ಮುಂದಿನ ಸಲ ಗ್ಯಾರೇಜಿಗೆ ಹೋದಾಗ ಒಪ್ಪಿಸಿ ಬನ್ನಿರಿ.